ಇನ್ನೂರ ಹತ್ತು ದಾಟಿದರೆ

ನವೆಂಬರ್ ಹದಿನೇಳು, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಬಸ್ಸು ಕೊನೆಯ ತಿರುವು ಹತ್ತಿ ನಿಂತಾಗ ಊರು ಕಾಣಿಸಲಿಲ್ಲ.

ಏಪ್ರಿಲ್‌ನಲ್ಲಿ ಇದೇ ತಿರುವಿನಲ್ಲಿ ಪ್ರಯಾಣಿಕರೆಲ್ಲ ಕಿಟಕಿಗೆ ಮುಗಿಬಿದ್ದಿದ್ದರು. ಬೆಟ್ಟದ ಮೈಗೆ ಅಂಟಿಕೊಂಡ ಮುನ್ನೂರು ವರ್ಷದ ಮನೆಗಳು. ಹಳದಿ, ಕಾವಿ, ಗಿಳಿಹಸಿರು, ನೀಲಿ, ಒಂದರ ಹೆಗಲ ಮೇಲೊಂದು. ಈಗ ಬರೀ ಮಂಜು. ಬಸ್ಸಿಳಿದ ಅವಳಿಗೆ ಆ ಮಂಜಿನೊಳಗೆ ಮೊದಲು ಕಂಡದ್ದು ಕಾಯುತ್ತ ನಿಂತಿದ್ದ ಅವನ ಹುಬ್ಬು, ಅದರ ಮೇಲೊಂದು ನೀಲಿ ಬಣ್ಣದ ಚುಕ್ಕೆ.

"ಟೀಚರಮ್ಮಾ, ಹತ್ತು ನಿಮಿಷ ಲೇಟು."

"ಬಸ್ಸನ್ನ ಕೇಳಿ."

"ಕೇಳ್ದೆ. ನಿಮ್ಮ ಬ್ಯಾಗಿನ ಭಾರಕ್ಕೆ ಹತ್ತೋಕಾಗ್ಲಿಲ್ಲ ಅಂತು." ಅವನು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಮುಲುಗಿದ. "ಹೋದ ಸಲ ಕೈಯಲ್ಲೊಂದು ಚೀಲ ಇತ್ತು ಅಷ್ಟೇ. ಈ ಸಲ ಕಾಲೇಜಿನ ಕಲ್ಲೆಲ್ಲ ಹೊತ್ಕೊಂಡು ಬಂದ್ರಾ?"

"ಚಳಿ ಬಟ್ಟೆ," ಎಂದು ಅವಳು ಕಣ್ಣು ತಪ್ಪಿಸಿದಳು.

ಕಾಲೇಜಿನಲ್ಲಿ ಅವಳು ಭೂವಿಜ್ಞಾನ ಪಾಠ ಮಾಡುತ್ತಿದ್ದಳು. ಅವನು ಈ ಊರಿನ ಮನೆಗಳಿಗೆ ಸುಣ್ಣದ ಬಣ್ಣ ಬಳಿಯುವವನು. ಏಪ್ರಿಲ್‌ನ ರಜೆಯಲ್ಲಿ ಎಲ್ಲರಂತೆ ಊರು ನೋಡಲು ಬಂದು, ಅವನ ಅಕ್ಕ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮೇಲಿನ ಕೋಣೆಯಲ್ಲಿ ಇಳಿದುಕೊಂಡಿದ್ದಳು. ಎರಡು ದಿನ ಎಂದು ಬಂದವಳು ಒಂಬತ್ತು ದಿನ ಉಳಿದಿದ್ದಳು.

ಮೆಟ್ಟಿಲ ಬೀದಿಯಲ್ಲಿ ಇಬ್ಬರೂ ಹತ್ತತೊಡಗಿದರು. ಬೆಟ್ಟದಾಚೆಯಿಂದ ಸರಕು ತರುತ್ತಿದ್ದ ಹಿಂದಿನವರು ಮಂಜಿನಲ್ಲಿ ದಾರಿ ತಪ್ಪಬಾರದೆಂದು ಮನೆಗೊಂದು ಬಣ್ಣ ಬಳಿದಿದ್ದರಂತೆ. ಆಗ ಅವನು ಅದನ್ನು ಎಷ್ಟು ರಸವತ್ತಾಗಿ ಹೇಳಿದ್ದ! ಈಗ ಮೆಟ್ಟಿಲನ್ನಷ್ಟೇ ನೋಡುತ್ತ ಹತ್ತುತ್ತಿದ್ದ. ಹಳದಿ ಮನೆಗೆ ಬೀಗ. ಕಾವಿ ಮನೆಯ ಬಾಗಿಲಿಗೆ ಅಡ್ಡಪಟ್ಟಿ. ಕೆಳಗಿನ ಓಣಿಗೆ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗಿಬಿಟ್ಟಿದ್ದರು.

"ಇವ್ರೆಲ್ಲ ಯಾವಾಗ ಹೋದ್ರು?"

"ಮಳೆಗಾಲದಲ್ಲಿ. ನೆಲ ಸರೀತಿದೆ ಅಂದ್ರು, ಇವ್ರೂ ಸರಿದ್ರು."

"ಫೋನಲ್ಲಿ ಹೇಳ್ಲೇ ಇಲ್ಲ ನೀವು. ಪ್ರತಿ ಭಾನುವಾರ ಬಿರುಕು ಹೇಗಿದೆ ಅಂತ ಕೇಳ್ತಿದ್ದೆನಲ್ಲ."

"ಹೇಳ್ತಿದ್ದೆನಲ್ಲ, ಚೆನ್ನಾಗಿದೆ, ನಿಮ್ಮನ್ನ ಕೇಳ್ತು ಅಂತ."

ಅವಳಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

ಆ ಬಿರುಕಿನಿಂದಲೇ ಇದೆಲ್ಲ ಶುರುವಾದದ್ದು. ಕೋಣೆಯ ಕಿಟಕಿಯ ಪಕ್ಕ, ಸೂರಿನಿಂದ ಮಂಚದವರೆಗೆ ಒಂದು ಸೀಳು. ಅದು ಹಿಗ್ಗಿದರೆ ಗೊತ್ತಾಗಲೆಂದು ಅವಳು ಅದರ ಎರಡೂ ಬದಿಗೆ ಒಂದೊಂದು ಹಿತ್ತಾಳೆ ಸ್ಕ್ರೂ ಕೂರಿಸಿ, ನಡುವಿನ ದೂರ ಸರಿಯಾಗಿ ಇನ್ನೂರು ಮಿಲಿಮೀಟರ್ ಇರುವಂತೆ ನೋಡಿಕೊಂಡಿದ್ದಳು. ಅವನು ಟಾರ್ಚ್ ಹಿಡಿದಿದ್ದ. ಬೆಳಕು ಗೋಡೆಯ ಮೇಲಿರಬೇಕಾದದ್ದು ಆಗಾಗ ಅವಳ ಕೆನ್ನೆಯ ಮೇಲೆ ಬರುತ್ತಿತ್ತು.

"ಗೋಡೆ ಈ ಕಡೆ ಇದೆ, ಪೇಂಟರ್ ಸಾಹೇಬ್ರೇ."

"ಗೊತ್ತು. ಕೈ ಮಾತು ಕೇಳ್ತಿಲ್ಲ."

ಇನ್ನೂರ ಹತ್ತು ದಾಟಿದರೆ ಈ ಮನೆಯಲ್ಲಿ ಯಾರೂ ಮಲಗಬಾರದು ಎಂದು ಅವಳು ಗಂಭೀರವಾಗಿಯೇ ಹೇಳಿದ್ದಳು. ಅವನು ಅದನ್ನೂ ಆಟ ಮಾಡಿದ್ದ.

"ಪಂದ್ಯ ಕಟ್ತೀರಾ? ಮಳೆಗಾಲ ಕಳೆದ್ಮೇಲೆ ಬಂದು ಅಳೀರಿ. ಇನ್ನೂರ ಹತ್ತು ದಾಟಿದ್ರೆ, ಈ ಮನೆ ಬಿಟ್ಟು ನಿಮ್ಮ ಹಿಂದೆ ಇಳಿದು ಬರ್ತೀನಿ. ದಾಟದಿದ್ರೆ ನೀವು ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ. ಬಾಡಿಗೆ ಇಲ್ದೆ."

ಅವಳು ಕೈ ಮುಂದೆ ಚಾಚಿದ್ದಳು. ಅವನು ತನ್ನ ಕೈಯ ನೀಲಿಯನ್ನು ಅಂಗಿಗೆ ಒರೆಸಿ ಒರೆಸಿ, ಕೊನೆಗೆ ಒರೆಸದೆಯೇ ಕುಲುಕಿದ್ದ. ಅಂಗೈಗೆ ಹತ್ತಿದ ಆ ಬಣ್ಣವನ್ನು ತೊಳೆಯಲು ಅವಳಿಗೆ ಸಂಜೆಯವರೆಗೂ ಮನಸ್ಸು ಬಂದಿರಲಿಲ್ಲ.

ಮೆಟ್ಟಿಲು ಮುಗಿದಾಗ ನೀಲಿ ಮನೆಯ ಬಾಗಿಲಲ್ಲಿ ಅವನ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಬಂದ್ಯಾ ತಾಯಿ? ಮೂರು ದಿನದಿಂದ ನಿನ್ನ ರೂಮಿಗೆ ಬಣ್ಣ ಬಳೀತಿದ್ದಾನೆ ಇವ್ನು. ನನ್ನ ಅಡುಗೆಮನೆಗೆ ಬಳಿಯೋ ಅಂದ್ರೆ ಎರಡು ವರ್ಷದಿಂದ ಮೀನಾಮೇಷ ಎಣಿಸ್ತಿದ್ದಾನೆ."

"ಅಕ್ಕಾ, ಟೀ ಇಡು ಹೋಗು."

"ಇಡ್ತೀನಪ್ಪ. ನಾನಿಲ್ಲಿ ಇರ್ಬಾರ್ದು ಅನ್ನು, ಅರ್ಥ ಆಗುತ್ತೆ."

ಕೋಣೆಯ ತುಂಬ ಹಸಿ ಸುಣ್ಣದ ವಾಸನೆ. ಮೊದಲ ನೋಟಕ್ಕೆ ನಾಲ್ಕೂ ಗೋಡೆ ಒಂದೇ ಸಮನೆ ನೀಲಿ, ಕಲೆಯಿಲ್ಲ, ಗೀರಿಲ್ಲ. ಮಂಚದ ಮೇಲೆ ಒಗೆದ ಹೊದಿಕೆ. ಅವಳು ಕಿಟಕಿಯ ಪಕ್ಕ ಹೋಗಿ ನಿಂತಳು. ಬಿರುಕು ಇರಲಿಲ್ಲ.

ಸುಣ್ಣದ ಬಣ್ಣ ಒದ್ದೆಯಿದ್ದಾಗ ಗಾಢ, ಒಣಗಿದ ಮೇಲೆ ತಿಳಿ. ಇದನ್ನು ಅವಳಿಗೆ ಕಲಿಸಿದವನೇ ಅವನು. ಗೋಡೆಯೆಲ್ಲ ತಿಳಿಯಾಗಿತ್ತು, ಸೂರಿನಿಂದ ಮಂಚದವರೆಗೆ ಒಂದು ಪಟ್ಟಿ ಮಾತ್ರ ಇನ್ನೂ ಕಡುನೀಲಿಯಾಗಿಯೇ ಇತ್ತು. ಒಳಗೆ ಹಸಿ ಗಾರೆ ಆಳವಾಗಿ ತುಂಬಿದ್ದರೆ ಮೇಲಿನ ಬಣ್ಣ ಬೇಗ ಒಣಗುವುದಿಲ್ಲ.

"ಮುಚ್ಚಿಬಿಟ್ರಾ?"

"ನೀವು ಬರ್ತೀರಲ್ಲ. ಚಂದ ಕಾಣ್ಲಿ ಅಂತ."

"ಗಾಯ ನೋಡೋಕೆ ಬಂದವ್ಳಿಗೆ ಪೌಡರ್ ಹಚ್ಚಿ ತೋರಿಸ್ತೀರಾ?"

"ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಗುಡಿಸಲ್ವಾ? ನಂಗೆ ಗೊತ್ತಿರೋದು ಅಷ್ಟೇ. ಮುಚ್ಚೋದು, ಬಳಿಯೋದು." ಅವನ ದನಿ ತಗ್ಗಿತು. "ಬಿರುಕಿನ ಪಕ್ಕ ನಿಮ್ಮನ್ನ ಮಲಗಿಸೋಕೆ ಮನಸ್ಸಾಗ್ಲಿಲ್ಲ ಟೀಚರಮ್ಮಾ."

ಅಕ್ಕ ಟೀ ಹಿಡಿದು ಬಾಗಿಲಲ್ಲಿದ್ದಳು. "ಅದೇನು ಕಮ್ಮಿ ಗಾರೆ ಹಿಡೀತಾ? ಒಂದು ಬಕೆಟ್ ಪೂರ್ತಿ ನುಂಗ್ತು ಆ ಗೋಡೆ. ಸಾಕಾಯ್ತೇನೋ ಅಂತ ಕೇಳಿದ್ರೆ, ಇವ್ನು ಕಣ್ಣೊರೆಸ್ಕೊಂಡು—"

"ಅಕ್ಕಾ!"

"ಹೋಗ್ತೀನಪ್ಪ. ಬಾಯಿಗೆ ಬೀಗ ಹಾಕ್ಕೊಂಡೇ ಹೋಗ್ತೀನಿ." ಲೋಟಗಳನ್ನು ಕಿಟಕಿಯ ಮೇಲಿಟ್ಟು ಅವಳು ಇಳಿದುಹೋದಳು. ಕೆಳಗಿನಿಂದ ಪಾತ್ರೆಯ ಸದ್ದು ಕೇಳಲಿಲ್ಲ. ಮೆಟ್ಟಿಲ ಮೇಲೆಯೇ ಕುಳಿತಿರಬೇಕು.

ಒಂದು ಬಕೆಟ್. ಏಪ್ರಿಲ್‌ನಲ್ಲಿ ಆ ಸೀಳಿನೊಳಗೆ ಒಂದು ನಾಣ್ಯ ಕಷ್ಟಪಟ್ಟು ಹೋಗುತ್ತಿತ್ತು. ಅವಳ ಸಿಟ್ಟು ಇಳಿದುಹೋಗಿ, ಅದಿದ್ದ ಜಾಗದಲ್ಲಿ ತಣ್ಣಗೆ ಏನೋ ಕುಳಿತುಕೊಂಡಿತು.

ಅವಳು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಗೋಡೆಯನ್ನು ಸವರಿದಳು. ಬಣ್ಣದಡಿಯಲ್ಲಿ ಒಂದು ಗುಬಟು ಸಿಕ್ಕಿತು. ಆ ಬದಿಯಲ್ಲಿ ಇನ್ನೊಂದು.

"ಸ್ಕ್ರೂ ಕಿತ್ತಿಲ್ವಲ್ಲ?"

"ಕೀಳೋಣ ಅಂತ ಹೋದೆ. ಆಗ್ಲಿಲ್ಲ. ನೀವು ಹಾಕಿದ್ದು."

ಅವಳು ಉಗುರಿನಿಂದ ಬಣ್ಣ ಕೆರೆಯತೊಡಗಿದಳು. ಹಿತ್ತಾಳೆ ಮಿನುಗಿತು. ಕೈಚೀಲದಿಂದ ದೂರ ಅಳೆಯುವ ಉದ್ದನೆಯ ವರ್ನಿಯರ್ ಮಾಪಕ ತೆಗೆದಾಗ ಅವನು ಅದರ ತಣ್ಣನೆಯ ಉಕ್ಕಿನ ಮೇಲೆ ಕೈಯಿಟ್ಟ.

"ಇವತ್ತು ಬೇಡ. ಒಂದು ದಿನ ಈ ಗೋಡೆ ಸರಿಯಾಗಿದೆ ಅಂತ ಅಂದ್ಕೊಳ್ಳೋಣ. ನೀವು ಟೀ ಕುಡೀತಿರಿ. ನಾನು ನೋಡ್ತಿರ್ತೀನಿ. ನಾಳೆ ಅಳೀರಿ."

"ಗೋಡೆ ನಾಳೆವರೆಗೆ ಕಾಯುತ್ತೆ ಅಂತ ಯಾರು ಹೇಳಿದ್ದು? ಕೆಳಗೆ ಅಕ್ಕ ಮಲಗ್ತಾರೆ."

ಅವನ ಕೈ ಸರಿಯಿತು.

ಅವಳು ಬ್ಯಾಗಿನ ಜಿಪ್ಪನ್ನು ಎಳೆದಳು. ಚಳಿ ಬಟ್ಟೆ ಎರಡೇ ಇದ್ದವು. ಉಳಿದದ್ದೆಲ್ಲ ಪುಸ್ತಕ, ಓದುವ ದೀಪ, ಅವಳ ಟೀ ಲೋಟ, ಮನೆಯಲ್ಲಿ ತೊಡುವ ಚಪ್ಪಲಿ. ಅವನು ಆ ಚಪ್ಪಲಿಯನ್ನೇ ನೋಡುತ್ತ ನಿಂತ.

"ಒಂದು ವರ್ಷ ರಜೆ ಹಾಕಿದೀನಿ," ಎಂದಳು. "ಸಂಬಳ ಇಲ್ದೆ."

"ಅಂದ್ರೆ... ನೀವು ಸೋಲೋಕೆ ಅಂತ ಬಂದ್ರಾ?"

"ಹ್ಞೂಂ."

ಅವನು ಮಂಚದ ಅಂಚಿನಲ್ಲಿ ಕುಸಿದು ಕುಳಿತ. ಹುಬ್ಬಿನ ನೀಲಿ ಚುಕ್ಕೆ ಅದುರಿತು. ಅವಳು ಪಕ್ಕದಲ್ಲಿ ಕುಳಿತು ಹೆಬ್ಬೆರಳಿನಿಂದ ಅದನ್ನು ಒರೆಸಲು ನೋಡಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು.

"ಮೊದ್ಲೇ ಹೇಳ್ಬಾರ್ದಾ?" ಎಂದ. "ಬಿರುಕಿಗೆ ಬದ್ಲು ನನ್ನ ಬಗ್ಗೆ ಒಂದು ಭಾನುವಾರ ಆದ್ರೂ ಕೇಳ್ಬಾರ್ದಾ?"

"ಬಿರುಕು ಹೇಗಿದೆ ಅಂದ್ರೆ ನೀವು ಹೇಗಿದ್ದೀರಿ ಅಂತ್ಲೇ."

"ಬಣ್ಣದ ಮಾತು."

"ನಿಮ್ಮ ಹತ್ರ ಕಲ್ತಿದ್ದು."

ಇಬ್ಬರೂ ನಕ್ಕರು. ನಗು ಮುಗಿದಾಗ ಅವನ ಹಣೆ ಅವಳ ಭುಜದ ಮೇಲಿತ್ತು, ಅವಳ ಬೆರಳು ಅವನ ಸುಣ್ಣದ ಕೂದಲಲ್ಲಿತ್ತು. ಕಿಟಕಿಯಾಚೆ ಮಂಜು ಸ್ವಲ್ಪ ಸರಿದು, ಎದುರಿನ ಗುಲಾಬಿ ಮನೆಯ ಒಂದು ಮೂಲೆ ಕಂಡು, ಮತ್ತೆ ಮುಚ್ಚಿಕೊಂಡಿತು. ಅಲ್ಲಿಯೂ ಯಾರೂ ಇರಲಿಲ್ಲ.

"ನಾನೂ ಗೆಲ್ಬೇಕು ಅಂತ್ಲೇ ಇದ್ದೆ," ಎಂದ ಅವನು. "ಮಳೆ ನಿಂತ್ಮೇಲೂ ನೋಡ್ದೆ. ಬೆರಳು ಹೋಗ್ತಿತ್ತು ಒಳಗೆ. ಆಮೇಲೆ ನೋಡೋದೇ ಬಿಟ್ಟೆ."

"ಅಕ್ಕಂಗೆ ಗೊತ್ತಾ?"

"ಅವ್ಳ ಟ್ರಂಕು ಹೋದ ವಾರವೇ ಕಟ್ಟಿದೆ. ಮಗಳು ಕರೀತಿದ್ದಾಳೆ. ನಾನು ಹೊರಡ್ಲಿ ಅಂತ ಕಾಯ್ತಿದ್ದಾಳೆ." ಅವನು ಎದ್ದು ನಿಂತು ಟಾರ್ಚ್ ಹೊತ್ತಿಸಿದ. "ಓದಿ, ಟೀಚರಮ್ಮಾ. ಪಂದ್ಯ ಅಂದ್ರೆ ಪಂದ್ಯ. ದಾಟಿದ್ರೆ ಇವತ್ತೇ ಸಂಜೆ ಬಸ್ಸಿಗೆ ಮೂರೂ ಜನ ಇಳಿಯೋಣ. ಅಕ್ಕನ್ನ ಮಗಳ ಮನೇಲಿ ಬಿಟ್ಟು, ನಾನು ನಿಮ್ಮ ಹಿಂದೆ ಬರ್ತೀನಿ. ನಿಮ್ಮೂರಲ್ಲಿ ಗೋಡೆಗಳಿವೆ ತಾನೇ?"

"ಇವೆ. ಎಲ್ಲ ಬೂದು ಬಣ್ಣ."

"ಹಾಗಾದ್ರೆ ಕೆಲ್ಸಕ್ಕೇನೂ ಬರ ಇಲ್ಲ." ದನಿ ಒಡೆದಿತ್ತು. ಆದರೆ ಈ ಸಲ ಟಾರ್ಚಿನ ಬೆಳಕು ಅಲುಗದೆ ಗೋಡೆಯ ಮೇಲೆಯೇ ನಿಂತಿತ್ತು.

ಅವಳು ವರ್ನಿಯರ್‌ನ ಒಂದು ದವಡೆಯನ್ನು ಈಚೆಯ ಸ್ಕ್ರೂಗೆ ಕೊಟ್ಟು, ಇನ್ನೊಂದನ್ನು ಆಚೆಯದಕ್ಕೆ ತಾಗುವವರೆಗೆ ಜಾರಿಸಿದಳು. ಏಳು ತಿಂಗಳು ಈ ಅಂಕಿ ಚಿಕ್ಕದಿರಲಿ ಎಂದು ಬೇಡಿಕೊಂಡಿದ್ದಳು. ಗೆರೆಗಳು ಕಣ್ಣೀರಿನಲ್ಲಿ ಒಂದರೊಳಗೊಂದು ಸೇರಿದವು. ಒರೆಸಿಕೊಂಡು ನೋಡಿದಳು. ದವಡೆ ತೆಗೆದು, ಮತ್ತೆ ಇಟ್ಟು, ಇನ್ನೊಮ್ಮೆ ನೋಡಿದಳು.

"ಎಷ್ಟು?" ಎಂದ ಅವನು.

"ಇನ್ನೂರ ಹದಿನಾಲ್ಕು ಮಿಲಿಮೀಟರ್."