ನುಂಗಿದ ಮಾತಿನ ದೀಪ

ಗದಗಿನ ಆಚೆ, ಗುಡ್ಡದ ನೆತ್ತಿಯ ಮೇಲೆ, ನೂರೈವತ್ತು ಮೀಟರ್ ಉದ್ದದ ಗಾಳಿಯಂತ್ರದ ರೆಕ್ಕೆ ನೆಲದಿಂದ ಒಂದಾಳೆತ್ತರ ಎದ್ದಿತ್ತು. ಅಷ್ಟರಲ್ಲಿ ಕಂಬದ ತುದಿಯ ಹಳದಿ ದೀಪ ಹತ್ತಿತು. ಕ್ರೇನ್ ನಡೆಸುವ ಬೂದೆಪ್ಪ ಯಾರ ಅಪ್ಪಣೆಗೂ ಕಾಯದೆ ರೆಕ್ಕೆಯನ್ನು ಮೆಲ್ಲಗೆ ಅದರ ಮರದ ತೊಟ್ಟಿಲಿಗೆ ಇಳಿಸಿದ. ಕುರಿ ಹೊಡೆದುಕೊಂಡು ಹೋಗುತ್ತಿದ್ದವರೂ ದಾರಿಯಲ್ಲಿ ನಿಂತು ನೋಡಿದರು.

ದೀಪದ ಅರ್ಥ ಆ ತಂಡದ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಯಾರೋ ಒಬ್ಬರು ಒಂದು ಮಾತನ್ನು ಹೇಳಬೇಕೆಂದುಕೊಂಡು ನುಂಗಿಕೊಂಡಿದ್ದಾರೆ. ಅದು ಹೊರಗೆ ಬರುವವರೆಗೆ ಕೆಲಸ ನಡೆಯುವುದಿಲ್ಲ.

ಡಾ. ಶಾಹಿದಾ ನದಾಫ್ ತನ್ನ ಯಂತ್ರದ ಪೆಟ್ಟಿಗೆಯ ಪಕ್ಕ ನಿಂತು ದೀಪವನ್ನೇ ನೋಡಿದಳು. ಎಷ್ಟು ಸಲ ನೋಡಿದರೂ ಅವಳಿಗೆ ಮೈ ಜುಂ ಎನ್ನುವುದು ತಪ್ಪಿರಲಿಲ್ಲ. ಮನುಷ್ಯ ಮಾತಾಡಲು ಹೊರಟಾಗ ಮಿದುಳಿನಿಂದ ಗಂಟಲಿನ ಸ್ನಾಯುಗಳಿಗೆ ಒಂದು ಸಣ್ಣ ವಿದ್ಯುತ್ ಅಲೆ ಇಳಿಯುತ್ತದೆ. ಬಾಯಿ ಮುಚ್ಚಿಕೊಂಡರೂ ಅಲೆ ಇಳಿದದ್ದು ಇಳಿದದ್ದೇ. ತಂಡದ ಪ್ರತಿಯೊಬ್ಬರೂ ಕೊರಳಿಗೆ ಕಟ್ಟಿಕೊಂಡಿದ್ದ ತೆಳ್ಳನೆಯ ಪಟ್ಟಿ ಆ ಅಲೆಯನ್ನು ಹಿಡಿಯುತ್ತಿತ್ತು. ಒಂದೇ ಮಾತು ಮತ್ತೆ ಮತ್ತೆ ಗಂಟಲಿಗೆ ಬಂದು ಹಿಂದಿರುಗಿದರೆ ದೀಪ ಹತ್ತುತ್ತಿತ್ತು. ಅದೇ ಅಲೆ ಧ್ವನಿಯೊಂದಿಗೆ ಹೊರಬಿದ್ದಾಗ ಆರುತ್ತಿತ್ತು. ಮಾತು ಯಾವುದು, ಯಾರದು ಎಂಬುದು ಯಂತ್ರಕ್ಕೂ ತಿಳಿಯದು. ಹಾಗೆ ತಿಳಿಯಬಾರದೆಂದೇ ಅವಳು ಅದನ್ನು ಕಟ್ಟಿದ್ದಳು. ಕೆಲಸಗಾರರು ಅದಕ್ಕೆ 'ಅತ್ತೆವ್ವ' ಎಂದು ಹೆಸರಿಟ್ಟಿದ್ದರು. ಬಾಯಿ ಬಿಡದಿದ್ದರೂ ಸೊಸೆಯ ಮನಸ್ಸಿನಲ್ಲಿ ಏನೋ ಇದೆ ಎಂದು ಪತ್ತೆ ಹಚ್ಚುವವಳು ಇನ್ನಾರು?

ಇಂಥದೊಂದು ಯಂತ್ರ ಬೇಕೆಂದು ಅವಳಿಗೆ ಹೊಳೆದದ್ದು ಪ್ರಯೋಗಶಾಲೆಯಲ್ಲಲ್ಲ, ಸಾವಿನ ಮನೆಯಲ್ಲಿ. ಅವಳ ಅಬ್ಬಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಭಾರ ಎತ್ತುವ ಸರಪಳಿ ಹರಿದು ಅವರು ಹೋದಾಗ ಅವಳು ಶಾಲೆಯ ಹುಡುಗಿ. ಮಾತಾಡಿಸಲು ಬಂದ ಜೊತೆಗಾರರು ಒಬ್ಬೊಬ್ಬರಾಗಿ ಅಮ್ಮಿಯ ಮುಂದೆ ಅದನ್ನೇ ಹೇಳಿ ಅತ್ತರು: "ನನಗ ಆವತ್ತ ಅನಿಸಿತ್ತವಾ, ಸರಪಳಿ ಯಾಕೋ ಸರಿ ಇಲ್ಲ ಅಂತ." ಅವರಲ್ಲಿ ಯಾರೂ ಕೆಟ್ಟವರಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಕೇಳಿಕೊಂಡೇ ಬೆಳೆದವರು, ಅಷ್ಟೆ.

ಈಗ ಕಂಪನಿ ಕೊಟ್ಟ ಪರೀಕ್ಷೆಯ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ದೀಪ ಎಲ್ಲ ಗುಡ್ಡಗಳಿಗೂ ಹೋಗಬೇಕೋ, ಇಲ್ಲಿಂದಲೂ ಕಿತ್ತು ಬರಬೇಕೋ ಎನ್ನುವುದು ತಂಡದ ಮುಖ್ಯಸ್ಥ ಮಲ್ಲೇಶಪ್ಪ ಮುಳಗುಂದರ ಮಾತಿನ ಮೇಲೆ ನಿಂತಿತ್ತು. ಮೂವತ್ತು ವರ್ಷ ರೆಕ್ಕೆ ಏರಿಸಿದ ಮನುಷ್ಯ. ಮಧ್ಯಾಹ್ನಕ್ಕೆ ಗಾಳಿ ಏಳುವುದಿತ್ತು; ಅಷ್ಟರೊಳಗೆ ರೆಕ್ಕೆ ಮೇಲೇರಬೇಕಿತ್ತು.

"ಯಾರದೈತಿ ಮಾತು? ಹೇಳಿಬಿಡ್ರಪಾ," ಎಂದರು ಮುಳಗುಂದ.

ಅವರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಬೂದೆಪ್ಪ ತಲೆಯಾಡಿಸಿದ. ರೆಕ್ಕೆಗೆ ಬಿಗಿಯುವ ಹಗ್ಗ, ಬೆಲ್ಟು ನೋಡಿಕೊಳ್ಳುವ ಜ್ಯೋತೆವ್ವ, "ನಂದೇನಿಲ್ರಿ ಸಾಹೇಬ್ರ, ಎಲ್ಲಾ ಎರಡೆರಡು ಸಲ ನೋಡೇನಿ," ಎಂದಳು. ಉಳಿದವರದೂ ಅದೇ ಉತ್ತರ. ದೀಪ ಉರಿಯುತ್ತಲೇ ಇತ್ತು.

ಬೂದೆಪ್ಪ ಜ್ಯೋತೆವ್ವನ ಕಡೆ ಓರೆಗಣ್ಣಿನಿಂದ ನೋಡಿದ. "ಬೆಲ್ಟಿನ ಮ್ಯಾಲೆ ಏನರ ಕಂಡಿದ್ರ ಹೇಳಬೇಕವಾ. ಮ್ಯಾಲೆ ಕುಂದ್ರಾಂವ ನಾನು."

"ನೀ ಏನು ಮುಚ್ಚಿಟ್ಟೀಯೋ ಯಾರಿಗೆ ಗೊತ್ತು?" ಎಂದಳು ಅವಳು.

ನಂಬಿಕೆ ಹುಟ್ಟಲಿ ಎಂದು ಹಚ್ಚಿದ ದೀಪ ಅದನ್ನೇ ತಿನ್ನತೊಡಗಿತ್ತು. ನಿನ್ನೆಯವರೆಗೆ ಒಂದೇ ಬುತ್ತಿಯ ರೊಟ್ಟಿ ತಿಂದವರು ಇಂದು ಒಬ್ಬರಿಗೊಬ್ಬರು ಕಳ್ಳರಂತೆ ಕಾಣುತ್ತಿದ್ದರು.

"ಡಾಕ್ಟರ್ರ, ಹೆಸರು ತೋರಸ್ರಿ," ಎಂದರು ಮುಳಗುಂದ.

"ಅದಕ್ಕ ಹೆಸರು ಗೊತ್ತಿಲ್ರಿ."

"ಹಂಗಾರ ನಾ ಕಂಡು ಹಿಡೀತೀನಿ. ಒಬ್ಬೊಬ್ರ ಪಟ್ಟಿ ಬಿಚ್ಚೂಣು. ಯಾರದು ಬಿಚ್ಚಿದಾಗ ದೀಪ ಆರತೈತಿ, ಮಾತು ಅವರದು."

ಇಷ್ಟು ಸರಳ ಉಪಾಯ ಶಾಹಿದಾಳಿಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಒಂದು ಗುಂಡಿ ಬಿಚ್ಚಿದರೆ ಬಯಲಾಗುವಂಥದು. "ಬ್ಯಾಡ್ರಿ," ಎಂದಳು. "ಇವತ್ತು ಒಬ್ರನ್ನ ಹಿಡದ್ರ, ನಾಳಿಂದ ಈ ದೀಪ ಹತ್ತಂಗಿಲ್ಲ. ಮಾತು ಗಂಟಲಿಗೆ ಬರೂದನ್ನ ಬಿಡತಾವು."

"ರೆಕ್ಕಿ ಕೆಳಗ ನಿಲ್ಲೋರು ಇವರು, ನೀವಲ್ಲ," ಎಂದರು ಮುಳಗುಂದ. ಶಾಹಿದಾ ತನ್ನ ಪೆಟ್ಟಿಗೆಯ ಕಡೆಗೆ ಹಿಂದೆ ಸರಿದಳು.

ಬೂದೆಪ್ಪ ಪಟ್ಟಿ ಬಿಚ್ಚಿದ. ದೀಪ ಆರಲಿಲ್ಲ. ಜ್ಯೋತೆವ್ವ ಬಿಚ್ಚಿ, ಕೊರಳು ಉಜ್ಜಿಕೊಂಡು, ಗೆದ್ದವಳಂತೆ ಬೂದೆಪ್ಪನನ್ನು ನೋಡಿದಳು. ಆಗಲೂ ಆರಲಿಲ್ಲ. ಪಟ್ಟಿಗಳು ಒಂದೊಂದಾಗಿ ಕಲ್ಲಿನ ಮೇಲೆ ಬಿದ್ದವು. ಕೊನೆಯವನೂ ಬಿಚ್ಚಿಟ್ಟ. ಹಳದಿ ದೀಪ ಮಾತ್ರ ಹಾಗೇ ಉರಿಯುತ್ತಿತ್ತು.

ಉಳಿದದ್ದು ಒಂದೇ ಕೊರಳು.

ಎಲ್ಲರೂ ಮುಳಗುಂದರನ್ನು ನೋಡಿದರು. ಅವರು ಬೇರೆ ಯಾರೋ ನಿಂತಿದ್ದಾರೇನೋ ಎಂಬಂತೆ ಹಿಂದಿರುಗಿ ನೋಡಿದರು. ಆಮೇಲೆ ಅವರ ಕೈ ನಿಧಾನವಾಗಿ ಕೊರಳಿಗೆ ಹೋಯಿತು. ಪಟ್ಟಿ ಬಿಚ್ಚಿದ್ದರೆ ದೀಪ ಆರಿ, ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಿಚ್ಚಲಿಲ್ಲ.

"ನಿನ್ನೆ ರೆಕ್ಕಿ ಏರಿಸೂ ಹೊತ್ತಿನ್ಯಾಗ," ಎಂದು ತೊಡಗಿ ತಡೆದರು. "ಕ್ರೇನಿನ ಬ್ರೇಕು ಒಂದು ಥರಾ ಸಪ್ಪಳ ಮಾಡಿದಂಗ ಆತು. ಹೌದೋ ಅಲ್ಲೋ ನನಗ ಖಾತ್ರಿ ಇಲ್ಲ. ಈಗೀಗ ಕಿವಿ ಸರಿಯಾಗಿ ಕೇಳಂಗಿಲ್ಲ. ನಾನ ಹಿಂಗ ಅನುಮಾನ ಪಟ್ರ ನೀವು ಯಾರ ಮಾತು ನಂಬಿ ರೆಕ್ಕಿ ಕೆಳಗ ನಿಲ್ತೀರಿ ಅಂತ ಸುಮ್ಮನಾದೆ."

ದೀಪ ಆರಿತು.

ಶಾಹಿದಾಳ ಕಣ್ಣು ತುಂಬಿತ್ತು. ಕಿರಿಯರ ಗಂಟಲಿಗಾಗಿ ಅವಳು ಈ ಯಂತ್ರ ಕಟ್ಟಿದ್ದಳು. ಎಲ್ಲರಿಗಿಂತ ಮೇಲಿದ್ದವನು ಎಲ್ಲರಿಗಿಂತ ಹೆಚ್ಚು ನುಂಗಿರಬಹುದು, ನುಂಗಿ ನುಂಗಿ ಅದು ತನ್ನದೇ ಮಾತೆಂಬುದನ್ನೂ ಮರೆತಿರಬಹುದು ಎಂದು ಅವಳು ಎಣಿಸಿರಲಿಲ್ಲ.

ಬೂದೆಪ್ಪ ಆಗಲೇ ನಟ್ಟು ಬಿಚ್ಚುವ ಪಾನಾ ಹಿಡಿದು ಕ್ರೇನಿನತ್ತ ನಡೆದಿದ್ದ. ಜ್ಯೋತೆವ್ವ ಅವನ ಹಿಂದೆ ಹೋದಳು. ಬ್ರೇಕು ಬಿಚ್ಚಿ, ತಡವಿ, ತಿರುಗಿಸಿ ನೋಡಿದರು. ಏನೂ ಆಗಿರಲಿಲ್ಲ.

"ಬ್ರೇಕು ಚಲೋ ಐತ್ರಿ," ಎಂದು ಕೂಗಿದ ಬೂದೆಪ್ಪ.

ಯಾರೂ ನಗಲಿಲ್ಲ. ಮುಳಗುಂದರ ಅನುಮಾನ ಸುಳ್ಳಾಗಿತ್ತು, ಆದರೂ ಯಾರೂ ಅವರನ್ನು ಕಡಿಮೆಯಾಗಿ ನೋಡಲಿಲ್ಲ. ಪಟ್ಟಿಗಳು ಕೊರಳಿಗೆ ಮರಳಿದವು. ಕಟ್ಟಿಕೊಳ್ಳುತ್ತಲೇ ಒಬ್ಬ, "ನನಗೂ ಒಂದು ಐತ್ರಿ, ತಪ್ಪಿರಬಹುದು," ಎಂದ. ಇನ್ನೊಬ್ಬ ತನ್ನದನ್ನು ಹೇಳಿದ. ದೀಪಕ್ಕೆ ಹತ್ತಲು ಪುರಸೊತ್ತೇ ಸಿಗಲಿಲ್ಲ.

ಗಾಳಿ ಏಳುವ ಮೊದಲೇ ರೆಕ್ಕೆ ಮೇಲೇರಿತು. ಒಂದು ಓಣಿಯಷ್ಟು ಉದ್ದದ ಅದು ಸದ್ದಿಲ್ಲದೆ ಆಕಾಶಕ್ಕೆ ಹೋಗುವುದನ್ನು, ಕೆಳಗೆ ಇಷ್ಟೇ ಇಷ್ಟು ಜನ ಒಬ್ಬರ ಕೈಸನ್ನೆಗೆ ಇನ್ನೊಬ್ಬರು ಜೀವ ಒಪ್ಪಿಸಿ ನಿಂತಿರುವುದನ್ನು ಶಾಹಿದಾ ಕತ್ತು ನೋಯುವವರೆಗೆ ನೋಡಿದಳು. ಇದಕ್ಕಿಂತ ದೊಡ್ಡ ಅಚ್ಚರಿಯನ್ನು ಯಾವ ವಿಜ್ಞಾನವೂ ತೋರಿಸಲಾರದು ಎನಿಸಿತು.

ಚಹಾದ ಹೊತ್ತಿಗೆ ಮುಳಗುಂದ ತಮ್ಮ ಪಟ್ಟಿ ಬಿಚ್ಚಿ ಅವಳ ಮುಂದೆ ಹಿಡಿದರು. "ದೀಪ ಇರ್ಲಿ ಅಂತ ಹೇಳತೀನ್ರಿ ಕಂಪನಿಗೆ. ಆದ್ರ ನಿಮ್ಮ ಕೊರಳಾಗ ಒಂದು ದಿನಾನೂ ಇದನ್ನ ಕಂಡಿಲ್ಲ."

ಪ್ರಯೋಗಶಾಲೆಯಲ್ಲಿ ಸಾವಿರಾರು ಜನರ ಗಂಟಲಿಗೆ ಕಟ್ಟಿ ನೋಡಿದ್ದವಳು ತನ್ನದಕ್ಕೆ ಕಟ್ಟಿಕೊಂಡಿರಲಿಲ್ಲ. ಈಗ ನಗುತ್ತಾ ಕಟ್ಟಿಕೊಂಡಳು. ಸ್ವಲ್ಪ ಹೊತ್ತಿನಲ್ಲೇ ದೀಪ ಹತ್ತಿತು.

ಬೂದೆಪ್ಪ ಕಪ್ಪು ಕೆಳಗಿಟ್ಟ. ಜ್ಯೋತೆವ್ವ ಕಲ್ಲಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು.

"ಸಾವಕಾಶ ಹೇಳ್ರಿ," ಎಂದರು ಮುಳಗುಂದ. "ನಾವೇನು ಎಲ್ಲೂ ಹೋಗಂಗಿಲ್ಲ."

ಬಹಳ ಹೊತ್ತಿನ ಮೇಲೆ ಅವಳು ಹೇಳಿದಳು: "ನಮ್ಮ ಅಬ್ಬಾ ಸತ್ತಾಗ ಅವರ ಜೋಡಿ ಕೆಲಸ ಮಾಡೋರು ಬಂದಿದ್ರು. ಹಂಗ ಅನಿಸಿದ್ರ ಆವತ್ತ ಯಾಕ ಹೇಳ್ಲಿಲ್ಲ ಅಂತ ಕೇಳಬೇಕಿತ್ತು. ಅವರು ಅಳಾಕತ್ತಿದ್ರು. ನಾ ಕೇಳ್ಲಿಲ್ಲ."

ದೀಪ ಆರಿತು. ಯಂತ್ರ ದೀಪ ಹಚ್ಚಬಲ್ಲದು, ಅಷ್ಟೆ; ಅದನ್ನು ಆರಿಸಲು ಹೀಗೆ ಕಾದು ಕುಳಿತುಕೊಳ್ಳುವ ಜನ ಬೇಕು ಎಂಬುದು ಅವಳಿಗೆ ಅವತ್ತು ತಿಳಿಯಿತು.

ಮುಂದೆ ಆ ದೀಪ ಗಣಿಗಳಿಗೆ, ಶಸ್ತ್ರಚಿಕಿತ್ಸೆಯ ಕೋಣೆಗಳಿಗೆ, ಮಂತ್ರಿಗಳ ಸಭೆಗಳಿಗೂ ಹೋಯಿತು. ನಾವಿನ್ನೂ ಆ ಕಾಲಕ್ಕೆ ಬಂದಿಲ್ಲ. ನಮ್ಮ ಮೀಟಿಂಗುಗಳಲ್ಲಿ ಈಗಲೂ ಸಾಹೇಬರು ಕೊನೆಯಲ್ಲಿ, "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದು ಕೇಳುತ್ತಾರೆ. ಕೇಳುವಾಗಲೇ ಅವರ ಕೈ ಫೈಲು ಮಡಚುತ್ತಿರುತ್ತದೆ.