ಅರವತ್ತೆರಡೂವರೆಯ ಎಳೆ

ಬೆಳಿಗ್ಗೆ ಏಳಕ್ಕೆ ಕಾರ್ಮಿಕ ಸಂಘದ ಹಿಂಬದಿ ಕೋಣೆಯ ಬೀಗ ತೆಗೆದವಳು ಅತ್ತಿಗೆ. ಕಸ ಗುಡಿಸುವುದು ಅವಳ ಕೆಲಸ. ಗಂಡ ಬ್ಯಾಟರಿ ಕಾರ್ಖಾನೆಯ ಸೀಸದ ವಿಭಾಗದಲ್ಲಿ ದುಡಿದು ಕೈನಡುಕ ಹತ್ತಿಸಿಕೊಂಡವನು. ಹಾಗಾಗಿ ಇಡೀ ಸಂಘಕ್ಕೆ ಅವಳು ಅತ್ತಿಗೆ. ಹೊಸ್ತಿಲಲ್ಲೇ ನಿಂತು ಕೂಗಿಕೊಂಡಳು — ಹಳೆಯ ಕಂಪ್ಯೂಟರಿಗೂ ಅದರ ಡಿಸ್ಕ್ ಪೆಟ್ಟಿಗೆಗೂ ನಡುವೆ ಇದ್ದ ಕಿತ್ತಳೆ ಬಣ್ಣದ ಕೇಬಲ್ ಇಲ್ಲ!

ಸಂಘದ ಕಾರ್ಯದರ್ಶಿ ಓಡಿ ಬಂದ. ಒಂದು ನೋಟ ನೋಡಿ ಬಾಗಿಲಿಗೆ ಬೇರೆಯೇ ಬೀಗ ಜಡಿದ. ಅದರ ಒಂದೇ ಒಂದು ಕೀಲಿಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಆ ಪೆಟ್ಟಿಗೆಯಲ್ಲಿದ್ದದ್ದು ಮುನ್ನೂರ ಹನ್ನೆರಡು ಕಾರ್ಮಿಕರ ಇಪ್ಪತ್ತು ವರ್ಷಗಳ ರಕ್ತಪರೀಕ್ಷೆ. ಯಾರ ರಕ್ತದಲ್ಲಿ ಎಷ್ಟು ಸೀಸ ಎಂಬ ಪಟ್ಟಿ. ಸಂಜೆ ನಾಲ್ಕಕ್ಕೆ ಅದು ನ್ಯಾಯಾಧೀಶರ ಮುಂದಿರಬೇಕು. ಇಲ್ಲದಿದ್ದರೆ ಕಾರ್ಮಿಕರು ಹೂಡಿದ್ದ ಪರಿಹಾರದ ದಾವೆ ವಜಾ. ಕಾರ್ಖಾನೆಯ ಮಾಲೀಕರು ಕಾಯುತ್ತಿದ್ದದ್ದೂ ಅದಕ್ಕೇ.

"ಹಳೇ ಬೀಗದ ಕೀಲಿ ಇರೋದು ಮೂರು ಜನರ ಹತ್ರ," ಎಂದರು ಮೆಷೀನ್ ಮೇಷ್ಟ್ರು. ಆ ಯಂತ್ರವನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡವರು ಅವರು. "ಕಾರ್ಯದರ್ಶಿ, ನಾನು, ಅತ್ತಿಗೆ. ಇವಳೇ ತಾಮ್ರ ಅಂದ್ಕೊಂಡು ಗುಜರಿಗೆ ಹಾಕಿರ್ತಾಳೆ."

"ನಿಮ್ ಬಾಯಿಗೆ ಮಣ್ಣಾಕ!" ಅತ್ತಿಗೆ ಸಿಡಿದಳು. "ಅದ್ರಲ್ಲಿ ನನ್ ಗಂಡನ ರಕ್ತ ಐತೆ!"

"ಹೊಸದು ತಂದು ಸಿಕ್ಕಿಸಿದ್ರೆ?" ಕಾರ್ಯದರ್ಶಿ ಕೇಳಿದ.

"ಎಲ್ಲಿಂದ ತರ್ತೀರಿ?" ಎಂದರು ಮೇಷ್ಟ್ರು. "ಇದು ಅರವತ್ತೆರಡೂವರೆ. ಒಳಗಿನ ಗಾಜಿನ ಎಳೆ ಅಷ್ಟು ಮೈಕ್ರಾನ್ ದಪ್ಪ ಇರ್ಬೇಕು. ಈಗ ಅಂಗಡೀಲಿ ಸಿಗೋದೆಲ್ಲ ಸಣ್ಣ ಎಳೆ. ತುದಿ ಸರಿಯಾಗಿ ಕೂತ್ಕೊಂಡ್ರೂ ಬೆಳಕು ಸಾಲಲ್ಲ. ಯಂತ್ರದ ಕಥೆ ಮುಗೀತು."

ಕಾರ್ಯದರ್ಶಿ ಬೆಸುಗೆ ಅಕ್ಕನಿಗೆ ಫೋನ್ ಮಾಡಿದ. ಗಾಜಿನ ಎಳೆ ಬೆಸೆಯುವುದು ಅವಳ ಕಸುಬು. ಕೆಡವುತ್ತಿದ್ದ ಹಳೆಯ ಆಸ್ಪತ್ರೆಯೊಂದರ ಚಾವಣಿಯಿಂದ ಎಳೆದ ಕೇಬಲ್ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮಧ್ಯಾಹ್ನ ಒಂದಕ್ಕೆ ಬಂದಳು. ಮೇಲೆ ಅಚ್ಚಾಗಿದ್ದ ಅಂಕಿಯನ್ನು ಉಗುರಿನಿಂದ ಕೆರೆದು ತೋರಿಸಿದಳು — ಅರವತ್ತೆರಡೂವರೆ.

ಬೀಗ ತೆಗೆದರು. ಬೆಸುಗೆ ಅಕ್ಕ ಯಂತ್ರದ ಹಿಂದೆ ಮಂಡಿಯೂರಿದಳು.

"ಕೊನೆಗೆ ಇದು ಓಡಿದ್ದು ಯಾವಾಗ?"

"ನಿನ್ನೆ ಸಂಜೆ ಆರಕ್ಕೆ. ನಾನೇ ಪರೀಕ್ಷೆ ಮಾಡಿದೆ," ಎಂದ ಕಾರ್ಯದರ್ಶಿ.

"ಬೆಳಿಗ್ಗೆಯಿಂದ ಒಳಗೆ ಯಾರು ಬಂದ್ರು?"

"ಯಾರೂ ಇಲ್ಲ. ಅತ್ತಿಗೆ ಕೂಡ ಹೊಸ್ತಿಲು ದಾಟಿಲ್ಲ."

"ಮೇಷ್ಟ್ರೇ, ನೀವು?"

"ಹೋದ ವಾರ ಬಂದಿದ್ದು. ಆಮೇಲೆ ಈಗ್ಲೇ, ನಿಮ್ ಜೊತೆ."

ಕೇಬಲ್ ಸಿಕ್ಕಿಸುವ ಮುನ್ನ ಅಕ್ಕ ಕಂಪ್ಯೂಟರಿನ ಎರಡು, ಡಿಸ್ಕ್ ಪೆಟ್ಟಿಗೆಯ ಎರಡು, ಒಟ್ಟು ನಾಲ್ಕು ಕಿಂಡಿಗಳಿಂದ ಏನನ್ನೋ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು. ಬೆಸುಗೆಗೆ ಒಂದು ಗಂಟೆ ಹಿಡಿಯಿತು. ಹಸಿರು ದೀಪ ಹೊತ್ತಿತು. ಮೂಲೆಯ ಪ್ರಿಂಟರ್ ಕರಕರ ಎಂದು ಮೊದಲ ಹಾಳೆ ಉಗುಳಿತು.

"ಮೇಷ್ಟ್ರೇ, ನನಗೊಂದು ಪಾಠ ಹೇಳಿ. ಎಳೆ ಕಿತ್ತ ಕೂಡ್ಲೇ ಏನು ಮಾಡ್ಬೇಕು?" ಎಂದಳು ಅಕ್ಕ.

"ಕಿಂಡಿಗೆ ಟೊಪ್ಪಿ ಹಾಕ್ಬೇಕು. ಒಂದು ಕಣ ಧೂಳು ಹೋದ್ರೂ ಬೆಳಕು ಸತ್ತಂಗೆ. ನನ್ ಶಿಷ್ಯರಿಗೆಲ್ಲ ಮೊದಲು ಕಲಿಸಿದ್ದೇ ಅದು."

ಅಕ್ಕ ಮುಷ್ಟಿ ಬಿಚ್ಚಿದಳು. ನಾಲ್ಕು ಪುಟ್ಟ ಕಪ್ಪು ರಬ್ಬರ್ ಟೊಪ್ಪಿ.

"ಎಲ್ಲರೂ ಇಲ್ಲದ ಕೇಬಲ್ ನೋಡಿದ್ರಿ. ಇದ್ದದ್ದನ್ನ ಯಾರೂ ನೋಡಲಿಲ್ಲ. ಕೇಬಲ್ ಇದ್ದಾಗ ಇವು ಕೂರೋಕೆ ಜಾಗನೇ ಇಲ್ಲ. ಅಂದ್ರೆ ನಿನ್ನೆ ಆರರ ಮೇಲೆ, ಇವತ್ತು ಏಳರ ಒಳಗೆ ಹಾಕಿದ್ದು. ಗುಜರಿಗೆ ಕದಿಯೋರು ಕಿಂಡಿ ಮುಚ್ಚಿ ಹೋಗ್ತಾರಾ? ಕಾರ್ಯದರ್ಶಿಗೆ ಇಂಥದ್ದು ಇದೆ ಅಂತಾನೇ ಗೊತ್ತಿಲ್ಲ. ನಿಮ್ಮ ಕೈ ಅಭ್ಯಾಸ ನಿಮ್ಮನ್ನ ಹಿಡ್ಕೊಡ್ತು, ಮೇಷ್ಟ್ರೇ."

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. "ಮಗಳಿಗೆ ಕಾರ್ಖಾನೆ ಆಫೀಸಲ್ಲಿ ಕೆಲಸ ಕೊಡ್ತೀವಿ ಅಂದ್ರು... ಯಂತ್ರ ಒಡೀರಿ ಅಂದಿದ್ರು. ಅಷ್ಟು ಮನಸ್ಸು ಬರಲಿಲ್ಲ."

ಅತ್ತಿಗೆ ಒಂದು ಟೊಪ್ಪಿಯನ್ನು ಎತ್ತಿಕೊಂಡು ನೋಡಿದಳು.

"ಮೆಷೀನಿಗೆ ಧೂಳು ಹೋಗ್ಬಾರ್ದು ಅಂತ ಕದಿಯೋವಾಗ್ಲೂ ನೆನಪಿತ್ತು ನಿಮಗೆ. ಇಪ್ಪತ್ತು ವರ್ಷ ನಮ್ಮೋರ ಮೂಗಿಗೆ ಒಂದು ಬಟ್ಟೆ ಚೂರು ಕೊಡೋಕೆ ಆ ಮಾಲೀಕರಿಗೆ ನೆನಪಾಗ್ಲಿಲ್ಲ. ಅಂಥೋರ ಜೊತೆ ಕೈ ಜೋಡಿಸೋಕೆ ಹೋದ್ರಲ್ಲ!"

ಮೇಷ್ಟ್ರು ಎದ್ದು ಬಾಗಿಲಿನತ್ತ ತಿರುಗಿದರು.

"ಕೂತ್ಕೊಳ್ಳಿ," ಎಂದಳು ಅತ್ತಿಗೆ. "ಆ ಪ್ರಿಂಟರಿಂದ ಮುನ್ನೂರ ಹನ್ನೆರಡು ಹೆಸರು ಬರ್ಬೇಕು. ಒಂದೊಂದನ್ನೂ ಗಟ್ಟಿಯಾಗಿ ಓದಿ. ನಂಗೆ ಓದೋಕ್ ಬರಲ್ಲ."