ಕ್ಲೀನರ್ ಸೈಡು

ಶೋಯಬನಿಗೆ ಎಕ್ಸ್‌ಪೀರಿಯನ್ಸ್ ಇರಲಿಲ್ಲ.

ಹೆವಿ ಲೈಸೆನ್ಸ್ ಇತ್ತು. ಅದನ್ನು ಜೇಬಿನಿಂದ ತೆಗೆದು, ಅಂಗಿಗೆ ಒರೆಸಿ ಚಿಕ್ಕಸ್ವಾಮಿಯವರ ಕೈಗೆ ಕೊಟ್ಟ. ಚಿಕ್ಕಸ್ವಾಮಿ ಪಾಂಡವಪುರದಲ್ಲಿ ಲಾರಿ ಇಟ್ಟುಕೊಂಡವರು. ತೊಣ್ಣೂರು ರಸ್ತೆಯ ಆಲೆಮನೆಯ ಅಂಗಳದಲ್ಲಿ, ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಫೋಟೋ ಚೆನ್ನಾಗದೆ ಕಣ್ಲಾ. ಲಾರಿ ಎಷ್ಟು ವರ್ಸ ಓಡ್ಸಿದ್ದೀಯ?"

ಶೋಯಬ್ ನೆಲ ನೋಡಿದ.

ಪಕ್ಕದಲ್ಲಿ ನಿಂತಿದ್ದ ತಂಗಿ ಮಹೇಕ್‌ಗೆ ಈ ಪ್ರಶ್ನೆ ಬಾಯಿಪಾಠವಾಗಿತ್ತು. ಶ್ರೀರಂಗಪಟ್ಟಣದ ಇಟ್ಟಿಗೆ ಯಾರ್ಡಿನಲ್ಲೂ ಇದನ್ನೇ ಕೇಳಿದ್ದರು. ಕೆ.ಆರ್. ಪೇಟೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೂ ಇದೇ. ನಾಗಮಂಗಲದಲ್ಲಿ ಒಬ್ಬರಂತೂ ಲೈಸೆನ್ಸನ್ನು ಮುಟ್ಟಿಯೂ ನೋಡಿರಲಿಲ್ಲ. ಅಣ್ಣ ಮನೆಗೆ ಬಂದು ಇದನ್ನೆಲ್ಲ ಅಮ್ಮಿಗೆ ಹೇಳುವಾಗ ಮಹೇಕ್ ಹೋಂವರ್ಕ್ ಬಿಟ್ಟು ಕಿವಿಗೊಟ್ಟಿದ್ದಳು. ಇವತ್ತು ಭಾನುವಾರ. ಹಟ ಮಾಡಿ ತಾನೂ ಬೈಕ್ ಹತ್ತಿ ಬಂದಿದ್ದಳು.

"ಯಾರಾದ್ರೂ ಓಡ್ಸಕ್ಕೆ ಕೊಟ್ರೆ ತಾನೆ ಅಂಕಲ್ ಓಡ್ಸಿರೋದು?" ಅಂದಳು. "ಲಾರೀನೂ ಕೊಡಲ್ಲ, ಆಮೇಲೆ ಎಷ್ಟು ವರ್ಷ ಅಂತ್ಲೂ ಕೇಳ್ತೀರ."

"ಮಹೇಕ್! ಚುಪ್!" ಶೋಯಬ್ ಕಣ್ಣು ಬಿಟ್ಟ.

ಚಿಕ್ಕಸ್ವಾಮಿ ಹೊಟ್ಟೆ ಕುಣಿಸಿ ನಕ್ಕರು. "ಲಾಯರ್‌ನ ಜೊತೇಲೇ ಕರ್ಕಂಡ್ ಬಂದ್ಬುಟ್ಟಿದ್ದೀಯಲ್ಲಾ!"

ನಗು ನಿಂತ ಮೇಲೆ ಜೇಬಿನಿಂದ ಕೀ ತೆಗೆದರು.

"ನಮ್ ಡ್ರೈವರು ಸ್ಕೂಲ್ ಬಸ್ಸಿಗೆ ಸೇರ್ಕಂಡ. ಕ್ಲೀನರು ಮದ್ವೆಗೆ ಅಂತ ಊರಿಗೋದೋನು ಬರ್ಲೇ ಇಲ್ಲ. ಬೆಲ್ಲ ತುಂಬ್ಬೇಕು, ನಂಗೂ ಅರ್ಜೆಂಟದೆ. ಅಗೋ, ರಸ್ತೇಲಿ ನಿಂತದಲ್ಲ ಲಾರಿ, ರಿವರ್ಸಲ್ಲಿ ತಂದು ಆ ಬಾಗ್ಲು ಮುಂದೆ ನಿಲ್ಸು. ಸರಿಯಾಗಿ ನಿಲ್ಸುದ್ರೆ ನಾಳೆಯಿಂದ ನೀನೇ ಡ್ರೈವರು."

ಶೋಯಬ್ ಕೀ ತೆಗೆದುಕೊಂಡು ಓಡಿದ. ಮಹೇಕ್ ಅವನ ಹಿಂದೆ ಓಡಿದಳು. ಇಷ್ಟು ಹತ್ತಿರದಿಂದ ಅವಳು ಲಾರಿ ನೋಡಿದ್ದೇ ಇಲ್ಲ. ಚಕ್ರ ಅವಳ ಎದೆಯ ಮಟ್ಟಕ್ಕಿತ್ತು.

"ಭಾಯಿ, ಹಿಂದುಗಡೆ ಮಾತ್ರ ಯಾಕೆ ಜೋಡಿ ಜೋಡಿ ಚಕ್ರ?"

"ಲೋಡು ಹೊರೋಕೆ. ಈಗ ಪ್ರಶ್ನೆ ಬೇಡ. ನೀನು ಹಿಂದೆ ನಿಂತು ಹೇಳ್ತಾ ಬಾ. ದೂರ ನಿಂತ್ಕೊ, ಗೊತ್ತಾಯ್ತಾ?"

"ಏನಂತ ಹೇಳ್ಲಿ?"

ಅಷ್ಟರಲ್ಲಿ ಎಂಜಿನ್ ಗುಡುಗಿತು. ಅವಳ ಪ್ರಶ್ನೆ ಮೇಲಿದ್ದವನಿಗೆ ಕೇಳಿಸಲೇ ಇಲ್ಲ.

ಅಂಗಳದ ಎಡಮೂಲೆಯಲ್ಲಿ ಎರಡು ಬಾಳೆಗಿಡ, ಅವುಗಳ ಮುಂದೆ ನೀರು ತುಂಬಿದ ಒಂದು ನೀಲಿ ಡ್ರಮ್ಮು. ಆಲೆಮನೆಯ ಕೆಲಸದ ಬೈರಮ್ಮ ಅಲ್ಲಿ ಕೂತು ಬೆಲ್ಲದ ಅಚ್ಚು ತೊಳೆಯುತ್ತಿದ್ದಳು. ಲಾರಿ ಹಿಂದಕ್ಕೆ ಬರತೊಡಗಿದ್ದೇ ಅಚ್ಚು ಎತ್ತಿಕೊಂಡು ದೂರ ಸರಿದಳು.

ಲಾರಿ ಮೆಲ್ಲಗೆ, ನೆಟ್ಟಗೆ ಬಂತು. ಆಮೇಲೆ ಅದರ ಬಾಲ ಎಡಕ್ಕೆ ಎಳೆಯಿತು. ಸ್ವಲ್ಪ ಬಲಕ್ಕೆ ತಿರುಗಿಸಿದರೆ ಸಾಕು ಅಂತ ಮಹೇಕ್‌ಗೆ ಅನ್ನಿಸಿತು.

"ರೈಟ್! ಭಾಯಿ, ರೈಟ್!"

ಲಾರಿ ತಿರುಗಲಿಲ್ಲ. ಇನ್ನಷ್ಟು ಧೈರ್ಯದಿಂದ ಹಿಂದಕ್ಕೆ ಬಂತು.

"ರೈಟ್! ರೈಟ್!"

ಅವಳು ಕೂಗಿದಷ್ಟೂ ಅದು ಜೋರಾಗಿ ಬಂತು.

"ರೈಟ್! ರೈಟ್! ರೈಟ್! ಭಾಯೀ!"

ಢಬ್! ಡ್ರಮ್ಮು ಸೀಳಿ ನೀರೆಲ್ಲ ಚೆಲ್ಲಿತು. ಬಾಳೆಗಿಡ ಎರಡೂ ಲಟಲಟ ಮುರಿದು ಬಿದ್ದವು. ಹಿಂದಿನ ಲೈಟು ಚೂರುಚೂರಾಗಿ ಕೆಸರಿಗೆ ಉದುರಿತು.

ಶೋಯಬ್ ಹಾರಿ ಇಳಿದ. "ನಿಲ್ಸು ಅನ್ನೋಕಾಗಲ್ವಾ ನಿಂಗೆ?"

"ನಾನು ರೈಟ್ ಅಂದ್ನಲ್ಲ! ಅಷ್ಟು ಸಲ ಅಂದೆ!"

"ರೈಟ್ ಅಂದ್ರೆ ದಾರಿ ಕ್ಲಿಯರು, ಬಾ ಬಾ ಅಂತ ಕಣೇ! ಬಸ್ ಕಂಡಕ್ಟರ್ ಹೇಳೋದು ಕೇಳಿಲ್ವಾ?"

"ರೈಟ್ ಅಂದ್ರೆ ಬಲಗಡೆ! ನಮ್ಮ ಮಿಸ್ ಹೇಳ್ಕೊಟ್ಟಿದ್ದಾರೆ!"

ಬೈರಮ್ಮ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. "ನಿಮ್ಮಿಬ್ರು ಇಂಗ್ಲೀಸ್‌ನಲ್ಲಿ ನನ್ ಡ್ರಮ್ಮು ಓಯ್ತಲ್ರೋ!"

ಚಿಕ್ಕಸ್ವಾಮಿ ನಗಲಿಲ್ಲ. ನಿಧಾನವಾಗಿ ಎದ್ದು ಬಂದು ಒಡೆದ ಲೈಟು ಮುಟ್ಟಿ ನೋಡಿದರು.

"ತಪ್ಪು ನಂದು ಅಂಕಲ್," ಅಂದಳು ಮಹೇಕ್. "ಭಾಯಿದಲ್ಲ."

"ನಿನ್ ತಾವ ಲೈಸೆನ್ಸ್ ಅದಾ?"

"ಇಲ್ಲ."

"ಅಂಗಾರೆ ನೀನು ಸುಮ್ಕಿರವ್ವ." ಶೋಯಬನ ಕಡೆ ತಿರುಗಿದರು. "ಹತ್ತೋಕೆ ಮುಂಚೆ ಹಿಂದ್ಗಡೆ ಬಂದು ನೋಡಿದ್ಯೇನ್ಲಾ?"

"ಇಲ್ಲಣ್ಣಾ."

"ಆ ಕಡೆ ಕನ್ನಡಿ ಸರಿ ಮಾಡ್ಕಂಡ್ಯಾ?"

ಶೋಯಬ್ ಇಲ್ಲವೆಂದು ತಲೆಯಾಡಿಸಿದ. ಚಿಕ್ಕಸ್ವಾಮಿ ಕೈ ಚಾಚಿದರು. ಅವನು ಕೀ ವಾಪಸ್ ಕೊಟ್ಟ.

"ಲಾರಿ ನಾನೇ ಓಡಿಸ್ಕತೀನಿ. ಬರಂಗಿದ್ರೆ ಕ್ಲೀನರಾಗಿ ಬಾ. ಒಂದೊರ್ಸ ಆಗ್ಲಿ, ಆಮೇಲೆ ನೋಡಾನ."

"ನಂಗೆ ಹೆವಿ ಲೈಸೆನ್ಸ್ ಇದೆ ಅಣ್ಣಾ!"

"ಮಡೀಕೊ. ಯಾರ್ ಕಿತ್ಕತಾರೆ?"

ಶೋಯಬನ ಮುಖ ಕೆಂಪಾಯಿತು. "ಬಾ ಹೋಗೋಣ," ಅಂತ ಬೈಕಿನ ಕಡೆ ನಡೆದ.

ಮಹೇಕ್ ಅಲ್ಲೇ ನಿಂತಳು. ಅವಳಿಗೆ ಇನ್ನೊಂದು ವಿಷಯ ಗೊತ್ತಾಗಬೇಕಿತ್ತು. "ಅಂಕಲ್, ಬಲಗಡೆಗೆ ಹೋಗು ಅನ್ನೋಕೆ ಲಾರೀಲಿ ಏನಂತಾರೆ?"

"ಡ್ರೈವರ್ ಸೈಡು ಅಂತಾರೆ. ಡ್ರೈವರ್ ಕೂರೋದು ಬಲಗಡೆ ಅಲ್ವಾ?"

"ಎಡಗಡೆಗೆ?"

"ಕ್ಲೀನರ್ ಸೈಡು."

"ಒಂದೇ ಒಂದ್ಸಲ ಮೇಲೆ ಹತ್ತಿ ನೋಡ್ಲಾ?"

ಚಿಕ್ಕಸ್ವಾಮಿ ಅವಳನ್ನು ಒಂದು ಕ್ಷಣ ನೋಡಿ, ಬಾಗಿಲು ತೆಗೆದರು. "ಏನೂ ಮುಟ್ಬೇಡ."

ಮಹೇಕ್ ಡ್ರೈವರ್ ಸೀಟಿನ ಅಂಚಿನಲ್ಲಿ ಕೂತಳು. ಸ್ಟೀರಿಂಗ್ ಊಟದ ತಟ್ಟೆಗಿಂತ ದೊಡ್ಡದಾಗಿತ್ತು. ಬಲಗಡೆಯ ಕನ್ನಡಿಯಲ್ಲಿ ಆಲೆಮನೆಯ ಗೋಡೆ, ಅಣ್ಣ, ಬೈಕು ಎಲ್ಲ ಕಂಡವು. ಎಡಕ್ಕೆ ತಿರುಗಿದಳು. ಬರೀ ಆಕಾಶ. ಆ ಕಡೆಯ ಕನ್ನಡಿ ಸಡಿಲವಾಗಿ ಮೇಲಕ್ಕೆ ತಿರುಗಿತ್ತು. ಅದರಲ್ಲಿ ತೆಂಗಿನ ಗರಿ ಅಲ್ಲಾಡುತ್ತಿತ್ತು. ಬೈರಮ್ಮ ಬೈಯುವುದು ಕೇಳುತ್ತಿತ್ತು, ಬೈರಮ್ಮ ಮಾತ್ರ ಎಲ್ಲೂ ಇಲ್ಲ.

ಅವಳು ಸೀಟಿನ ಮೇಲೆ ಜಾರಿಕೊಂಡು ಆ ಕಡೆಯ ಕಿಟಕಿಗೆ ಹೋದಳು. ತಲೆ ಹೊರಗೆ ಹಾಕಿದಳು. ಬೈರಮ್ಮ ಅಲ್ಲೇ ಇದ್ದಳು. ಸೀಳಿದ ಡ್ರಮ್ಮು, ಮುರಿದ ಬಾಳೆ, ಕೆಸರಿನಲ್ಲಿ ಕೆದಕುತ್ತಿದ್ದ ಒಂದು ಕೋಳಿಯ ಕಾಲುಗುರು ಕೂಡ ಕಾಣುತ್ತಿತ್ತು.

ಮತ್ತೆ ಡ್ರೈವರ್ ಸೀಟಿಗೆ ಬಂದಳು. ಆಕಾಶ. ಕ್ಲೀನರ್ ಸೀಟಿಗೆ ಹೋದಳು. ಕೋಳಿ.

"ಭಾಯಿ!" ಕೂಗಿದಳು. "ಇಲ್ಬಾ. ಬೇಗ ಬಾ."

ಶೋಯಬ್ ಸಿಡುಕುತ್ತಲೇ ಬಂದು ಮೆಟ್ಟಿಲ ಮೇಲೆ ನಿಂತ. "ಏನು?"

"ಅಲ್ಲಿ ಕೂತು ನೋಡು. ಆಮೇಲೆ ಇಲ್ಲಿ ಬಾ."

ಅವನು ಕೂತ. ಎಡಕ್ಕೆ ನೋಡಿದ. ಆಮೇಲೆ ಅವಳ ಪಕ್ಕಕ್ಕೆ ಸರಿದು ಕಿಟಕಿಯಿಂದ ಬಗ್ಗಿದ. ಬೈರಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅವನು ತಲೆ ಒಳಗೆ ಎಳೆದುಕೊಳ್ಳಲಿಲ್ಲ. ಕೈ ಚಾಚಿ ಆ ಕನ್ನಡಿಯನ್ನು ಕೆಳಕ್ಕೆ ತಿರುಗಿಸಿದ, ಬಿಗಿಯಾಗಿ ಒತ್ತಿದ.

"ಅಮ್ಮಾ, ನಮ್ಮನೇಲಿ ಒಂದು ಡ್ರಮ್ಮು ಇದೆ. ತಂದ್ಕೊಡ್ತೀನಿ," ಅಂದ.

"ತೂತಿರೋದಾ?" ಅಂದಳು ಬೈರಮ್ಮ.

ಶೋಯಬ್ ಕೆಳಗಿಳಿದು ಚಿಕ್ಕಸ್ವಾಮಿಯವರ ಮುಂದೆ ನಿಂತ. "ನಾಳೆ ಎಷ್ಟೊತ್ತಿಗೆ ಬರ್ಲಿ ಅಣ್ಣಾ?"

"ಬೆಳಿಗ್ಗೆ ಆರಕ್ಕೆ. ಬುತ್ತಿ ಕಟ್ಟಿಸ್ಕಂಡ್ ಬಾ."

ಮಹೇಕ್ ಇಳಿದು ಬೈರಮ್ಮನ ಪಕ್ಕ ಕೂತು ಕೆಸರಿನಿಂದ ಕೆಂಪು ಚೂರುಗಳನ್ನು ಆರಿಸತೊಡಗಿದಳು.

ಹೋದದ್ದು ಇಷ್ಟು: ಲಾರಿಯ ಹಿಂದಿನ ಲೈಟು ಒಂದು, ನೀಲಿ ಡ್ರಮ್ಮು ಒಂದು, ಬಾಳೆಗಿಡ ಎರಡು, ಡ್ರೈವರ್ ಸೀಟು ಒಂದು.